ಇಂದ್ರಮ್ಮನ ಹೆಸರು ಹಾಕಿದ ವಾಕ್ಯ

ನಲ್ಲಿಯ ಹತ್ತಿರ ಶಿವನಂಜಮ್ಮ ಕೊಡ ಕೆಳಗಿಟ್ಟು ನಕ್ಕಳು. "ಏನ್ರೀ ಇಂದ್ರಮ್ಮ, ನಮ್ಮ ಹುಡುಗ ಸಿದ್ದರಾಜು ಎದ್ದಾಗಿಂದ ನಿಮ್ಮ ಹೆಸರೇ ಜಪ ಮಾಡ್ತಾವ್ನೆ ಕಣ್ರೀ!"

"ಯಾಕಂತೆ?"

"ನಿಮ್ಮ ಮೇಷ್ಟ್ರು ಹೇಳ್ಕೊಟ್ಟ ಪಾಠ. 'ಇಂದ್ರಮ್ಮ ಗೆಟ್ಸ್ ಆನ್ ಮೈ ನರ್ವ್ಸ್.' ಅಂದ್ರೆ, ಇಂದ್ರಮ್ಮ ನಂಗೆ ತಲೆ ಚಿಟ್ಟು ಹಿಡಿಸ್ತಾಳೆ ಅಂತಂತೆ. ಪರೀಕ್ಷೆಗೆ ಬರ್ತದಂತಲ್ಲ!"

ಸುತ್ತಲಿದ್ದ ಹೆಂಗಸರು ಸೆರಗು ಬಾಯಿಗೊತ್ತಿಕೊಂಡರು. ಇಂದ್ರಮ್ಮನ ಮೈಯೆಲ್ಲ ಉರಿದುಹೋಯಿತು. ನಿನ್ನೆ ಗಂಡ ಜಗಲಿಯ ಮೇಲೆ ಎಸ್ಸೆಸ್ಸೆಲ್ಸಿ ಹುಡುಗರಿಗೆ ಇಂಗ್ಲಿಷ್ ಹೇಳುವಾಗ ತನ್ನ ಹೆಸರು ಬಂದದ್ದು, ಹುಡುಗರು ನಕ್ಕದ್ದು ಅವಳ ಕಿವಿಗೂ ಬಿದ್ದಿತ್ತು. ಪೆದ್ದಿ, ತನ್ನ ಕಾಫಿ ಹೊಗಳುತ್ತಿದ್ದಾರೆ ಅಂದುಕೊಂಡು ಸಕ್ಕರೆ ಜಾಸ್ತಿ ಹಾಕಿ ಕಳಿಸಿದ್ದಳು! ಈಗ ಇಡೀ ಮೊಹಲ್ಲಾ ಉರು ಹೊಡೀತಿದೆ. ನಾಳೆ ಪರೀಕ್ಷೆಯಲ್ಲೂ ಬರೀತಾರೆ, ಯಾವೂರಿನವನೋ ಓದಿ ಮಾರ್ಕು ಹಾಕ್ತಾನೆ.

ಮನೆಗೆ ಬಂದರೆ ಜಗಲಿಯಲ್ಲಿ ಅದೇ ರಾಗ. ಕೊಡವನ್ನು ದಡಕ್ಕನೆ ಇಟ್ಟಳು. "ನಿಲ್ಲಿಸ್ರೋ!"

ಮೇಷ್ಟ್ರು ಕನ್ನಡಕದ ಮೇಲಿಂದ ನೋಡಿದರು. "ಉದಾಹರಣೆ ಕಣೇ. ಬಾಯಿಗೆ ಬಂತು, ಹೇಳ್ದೆ."

"ಬಾಯಿಗೆ ಬರೋಕೆ ನಾನೇ ಆಗಬೇಕಿತ್ತಾ? ಸೊಳ್ಳೆ ಇರಲಿಲ್ವಾ? ಹಿನಕಲ್ಲಲ್ಲಿ ನಿಮ್ಮಣ್ಣ ಇರಲಿಲ್ವಾ?"

"ಸರಿ ಮಾರಾಯ್ತಿ. ಸೊಳ್ಳೆ ಅಂತ ತಿದ್ಕೊಳ್ರೋ."

"ಸೊಳ್ಳೆ ಬೇಡ. ನಿಮ್ಮ ಹೆಸರು ಹಾಕ್ಸಿ."

ಮೇಷ್ಟ್ರು ನಕ್ಕರು. "ಹಾಕ್ಸೋಣ. ನೀನೇ ಹೇಳ್ಕೊಡು."

ಹುಡುಗರೂ ಕಿಸಕ್ಕೆಂದರು. ಅವಳಿಂದ ಆಗದು ಅಂತ ಎಲ್ಲರಿಗೂ ಗೊತ್ತು. ಮದುವೆಯಲ್ಲಿ ಹೆಂಗಸರು ಬಲವಂತಕ್ಕೆ ಒಡಪಿನಲ್ಲಿ ಸೇರಿಸಿ ಹೇಳಿಸಿದ್ದೇ ಕೊನೆ, ಗಂಡನ ಹೆಸರು ಅವಳ ನಾಲಿಗೆ ಮುಟ್ಟಿರಲಿಲ್ಲ. ಯಾರು ಕೇಳಲಿ, 'ನಮ್ಮನೆಯವರು', ಅಷ್ಟೇ.

"ಮಹದೇವಯ್ಯ!" ಅಂದಳು.

ಎದುರುಮನೆಯ ಕಿಟಕಿ ತೆರೆಯಿತು. ಮೇಷ್ಟ್ರ ನಗು ಅಲ್ಲೇ ನಿಂತಿತು.

"ಮಹದೇವಯ್ಯ ಗೆಟ್ಸ್ ಆನ್ ಮೈ ನರ್ವ್ಸ್. ಹೇಳ್ರೋ!"

ಸಿದ್ದರಾಜು ಮೇಷ್ಟ್ರ ಮುಖ ನೋಡಿದ, ಅವಳ ಮುಖ ನೋಡಿದ, ಬಾಯಿ ತೆರೆದ. ಮಿಕ್ಕವರು ದನಿಗೂಡಿಸಿದರು.

"ಸಾಕು, ಬೀದಿಗೆಲ್ಲ ಕೇಳಿಸ್ತದೆ!"

"ಕೇಳಿಸ್ಲಿ. ನನ್ನದು ಕೇಳಿಸ್ಲಿಲ್ವಾ? ಇನ್ನೊಂದ್ಸಲ ಹೇಳ್ರಪ್ಪಾ, ಗಟ್ಟಿಯಾಗಿ."

ಊಟಕ್ಕೆ ಕೂತಾಗ ಮೇಷ್ಟ್ರು ತಲೆ ಎತ್ತಲಿಲ್ಲ. "ಗಂಡನ ಹೆಸರು ಹೇಳಿದ್ರೆ ಅವನ ಆಯಸ್ಸು ಕಡಿಮೆಯಾಗ್ತದೆ ಅಂತಾರೆ ಕಣೇ," ಅಂದರು ಮೆಲ್ಲಗೆ.

"ಬೀದೀಲಿ ನನ್ನ ಹೆಸರು ಕೂಗ್ಸಿದ್ರಲ್ಲ, ನನಗೇನೂ ಕಡಿಮೆಯಾಗ್ಲಿಲ್ವಾ?"

ಅನ್ನ ಬಡಿಸಿದಳು, ಸಾರು ಬಡಿಸಿದಳು. ತುಪ್ಪದ ಮಿಳ್ಳೆ ಕೈಗೆಟುಕುವ ಹಾಗೇ ಇತ್ತು. ಅವಳು ಅದನ್ನು ಮುಟ್ಟಲಿಲ್ಲ.