ಬೋರಲು ಹಾಕಿದ ದೋಣಿ

ನಮ್ಮೂರು ಹರ್ನ್‌ಸ್ಟೇತ್. ಸ್ಟೇತ್ ಅಂದರೆ ಹಿರಿಯರ ಮಾತಿನಲ್ಲಿ ಹೊಳೆದಂಡೆಯ ದೋಣಿಕಟ್ಟೆ. ಊರ ಹೆಸರಿನಲ್ಲೇ ಕಟ್ಟೆಯಿರುವಾಗ ಅದನ್ನು ಯಾರು ಕಿತ್ತುಕೊಂಡಾರು ಎಂದು ಹಾಯಾಗಿದ್ದೆವು, ಮುಠ್ಠಾಳರು. ಕಟ್ಟಳೆ ಒಂದೇ: ವರ್ಷಕ್ಕೊಮ್ಮೆಯಾದರೂ ಊರಿನವರೊಬ್ಬರು ಅಲ್ಲಿ ಹೊರೆ ಇಳಿಸಬೇಕು. ತಪ್ಪಿದರೆ ಕಟ್ಟೆ ಪಕ್ಕದ ಜಮೀನಿನವನ ಪಾಲು.

ರೈಲು ಬಂದಮೇಲೆ ಉಳಿದದ್ದು ಏಮಸ್ ಮತ್ತು ಅವನ ಹೆಂಡತಿ ಕೆಜಾಯಾಳ ದೋಣಿಯೊಂದೇ. ಸೂರಿಗೆ ಹೊದಿಸುವ ಜೊಂಡು ಕೊಯ್ದು ತಂದು ಕಟ್ಟೆಯಲ್ಲಿ ಇಳಿಸಿ ಮಾರುತ್ತಿದ್ದರು. ಅದೇ ಅವರ ಹೊಟ್ಟೆಪಾಡು. ಏಮಸ್ ಸತ್ತ ವಾರಕ್ಕೇ ಅವಳು ಹುಟ್ಟು ಹಿಡಿದು ಹೊರಟಳು. ತಡೆದವಳು ನಾನೇ. ಸಾವಾದ ಮನೆಯ ದೋಣಿ ಒಂದು ವರ್ಷ ದಡದಲ್ಲಿ ಬೋರಲಾಗಿರಬೇಕು, ಅದು ನಮ್ಮ ಪದ್ಧತಿ.

“ಹೊಟ್ಟೆಗೇನ್ ಮಾಡ್ಲೇ ಡಾರ್ಕಸ್?” ಅಂದಳು.

“ಗಂಡನ್ ಗೋರಿ ಮಣ್ಣು ಇನ್ನೂ ಆರಿಲ್ಲ. ಊರೋರು ಏನಂದಾರು? ನಾವೆಲ್ಲ ಸತ್ತೋಗಿದ್ದೀವಾ?”

ಬೋರಲು ಹಾಕಿದಳು. ನಾವು ಸರದಿಯ ಮೇಲೆ ಬ್ರೆಡ್ಡು ಕೊಟ್ಟೆವು, ಎರಡು ತಿಂಗಳು. ಆಮೇಲೆ ಒಬ್ಬೊಬ್ಬರೇ ಮರೆತೆವು. ಅವಳು ಕಟ್ಟೆ ಪಕ್ಕದ ಜಮೀನುದಾರ ಥರ್ಟಲ್‌ನ ಮನೆಯ ನೆಲ ಉಜ್ಜಿ ಬದುಕಿದಳು.

ವರ್ಷ ತುಂಬಿದ ಮರುದಿನ ದೋಣಿಯನ್ನು ನೆಟ್ಟಗೆ ಮಾಡಿ ಹೊರೆ ತಂದಳು. ಕಟ್ಟೆಗೆ ಬೇಲಿ ಬಿದ್ದಿತ್ತು. ಬೇಲಿಯೊಳಗೆ ಥರ್ಟಲ್ ನಿಂತಿದ್ದ.

“ಈ ಒಂದು ವರ್ಷ ಇಲ್ಲಿ ಯಾರಾದ್ರೂ ಹೊರೆ ಇಳ್ಸಿದ್ರಾ?”

“ಸೂತಕ ಇತ್ತು ಧಣಿ. ಊರಿಗೇ ಗೊತ್ತು, ಕೇಳಿ ಬೇಕಾದ್ರೆ.”

ಕೇಳಿದ. ನಮ್ಮ ಗಂಡಂದಿರೆಲ್ಲ ಅವನ ಹೊಲದ ಆಳುಗಳು. ಯಾರೂ ಇಳಿಸಲಿಲ್ಲ ಎಂದು ಎಲ್ಲರೂ ಹೇಳಿದೆವು. ಸುಳ್ಳೇನಲ್ಲವಲ್ಲ. ನನ್ನ ಸರದಿಗೆ ಕೆಜಾಯಾ ಬೇಲಿಯಾಚೆಯಿಂದ ಕೂಗಿದಳು.

“ಬೇಡ ಅಂದೋಳು ನೀನೇ ಅಲ್ವೇನೇ? ಹೇಳೇ!”

“ದೋಣಿ ಬೋರಲಿತ್ತು ಧಣಿ,” ಅಂದೆ.

ಕಟ್ಟೆಯ ಮೇಲೆ ಅವನು ಬೇಸಿಗೆಯ ಬಂಗಲೆ ಕಟ್ಟಿಸಿ ಸ್ಟೇತ್ ಎಂದೇ ಹೆಸರಿಟ್ಟ. ಬಾಗಿಲಲ್ಲಿ ಹಿತ್ತಾಳೆಯ ಹೆಸರುಫಲಕ. ಲಂಡನ್ನಿನ ಅತಿಥಿಗಳು ಅದನ್ನು ಓದಿ, ಎಂಥ ಹಳೇ ಚೆಂದದ ಹೆಸರು ಅನ್ನುತ್ತಾರೆ. ಕೆಜಾಯಾಳ ದೋಣಿ ಅವನ ಹಿತ್ತಲಿನಲ್ಲಿ ಮತ್ತೆ ಬೋರಲು ಬಿದ್ದಿದೆ, ಕೋಳಿಗೂಡಾಗಿ.

ಪ್ರತಿ ಶನಿವಾರ ಆ ಹಿತ್ತಾಳೆ ಉಜ್ಜುವವಳು ಕೆಜಾಯಾ. ನಾನು ದಾರಿಯಲ್ಲಿ ಹೋಗುವುದನ್ನೇ ಕಾದಿದ್ದು, ಫಲಕದ ಮೇಲೆ ಬೆರಳಿಟ್ಟು ಕೇಳುತ್ತಾಳೆ.

“ನೋಡೇ ಡಾರ್ಕಸ್, ಊರಿನ ಹೆಸರು ಹೊಳೀತಿದ್ಯಾ?”

ಹೊಳೆಯುತ್ತಿದೆ ಎನ್ನುತ್ತೇನೆ. ನನ್ನ ಗಂಡ ಈಗಲೂ ಆ ಧಣಿಯ ಆಳೇ.