ತಲ್ಲೂರು ಕೆರೆಯ ಅಂತರಗಂಗೆ

ಗಾಜಿನ ತೊಟ್ಟಿಯಲ್ಲಿ ತೇಲುತ್ತಿದ್ದ ಅಂತರಗಂಗೆಯ ಎಲೆಯನ್ನು ಜಲಜ ಮುಟ್ಟಿದಳು. ಬೆಂದ ಬಸಳೆಯ ಹಾಗೆ ಅದು ಬೆರಳಿಗಂಟಿತು. ಅಜ್ಜಿ ಕಥೆಯ ಕೆರೆಯೊಳಗಿನ ಹೆಣ್ಣಿನ ಜಡೆಯಂತೆ ಇಳಿಬಿದ್ದಿದ್ದ ಬೇರುಗಳು ಕಳಚಿ ತಳ ಸೇರುತ್ತಿದ್ದವು.

ತೊಟ್ಟಿ ಅಕ್ಕನ ಮಗಳು ನವ್ಯಾಳದು. ಕಾಲೇಜು ಮುಗಿಯುವವರೆಗೆ ತ್ರಾಸಿಯ ಈ ಮನೆಯಲ್ಲೇ ಇದ್ದವಳು, ಮದುವೆಯಾಗಿ ಬೈಂದೂರಿಗೆ ಹೋಗುವಾಗ ಬಿಟ್ಟುಹೋಗಿದ್ದಳು. ಸಂಜೆ ವಿಡಿಯೋ ಕಾಲ್ ಮಾಡುತ್ತಿದ್ದಳು. "ಚಿಕ್ಕಿ, ಗಿಡ ಕಾಣ್ಸ್." ಎಲೆ ಒತ್ತಾಗಿದ್ದರೆ, "ಸ್ವಲ್ಪ ತೆಗಿ, ಮೀನಿಗೆ ಬೆಳ್ಕ್ ಬೇಕಲ್ದಾ." ಆಮೇಲೆ ಅತ್ತೆಮನೆಯ ಸುದ್ದಿ, ಸೀರೆ, ಸಾರು. ಗಿಡ ಸತ್ತರೆ ಅವಳು ಫೋನ್ ಮಾಡುವುದಾದರೂ ಯಾತಕ್ಕೆ?

"ಎಂತ ಜಲಜಕ್ಕ, ಸೊಪ್ಪಿಗೆ ಪೂಜೆಯಾ?" ಪಕ್ಕದ ಮನೆಯ ಮಂಜಯ್ಯ ಕಿಟಕಿಯಲ್ಲಿ ಇಣುಕಿದ.

"ಕೊಳಿತಾ ಇತ್ತ್ ಮಾರಾಯ. ಬಾವಿ ನೀರ್ ಹಾಕ್ತಾನೇ ಇದ್ದೆ."

ಮಂಜಯ್ಯ ಒಳಬಂದು ಕೊಡದ ನೀರನ್ನು ಬಾಯಿಗೆ ಹಾಕಿ, ಹೊರಗೆ ಹೋಗಿ ಉಗುಳಿದ. "ಕಡ್ಲ್ ನಿಮ್ ಬಾವಿಗ್ ಬಂದಿತ್. ನೀವ್ ಇದನ್ನೇ ಕುಡುದಾ?"

ಜಲಜ ಕುಡಿಯುತ್ತಿದ್ದಳು. ಒಣಮೀನು ತಿಂದು ಬೆಳೆದ ನಾಲಗೆ; ನೀರಿನ ಉಪ್ಪು ತಿಳಿದಿರಲಿಲ್ಲ. ಬೇಸಗೆಯಲ್ಲಿ ಮೊದಲು ಮುಖ ಕಿವುಚಿ, "ನೀರ್ ಉಪ್ಪಾಯ್ತ್ ಚಿಕ್ಕಿ" ಎನ್ನುತ್ತಿದ್ದವಳು ನವ್ಯಾ.

ಮಧ್ಯಾಹ್ನ ಮೀನಿನ ಬುಟ್ಟಿ ತೊಳೆದುಕೊಂಡು ಬಸ್ಸು ಹತ್ತಿದಳು. ತಲ್ಲೂರಿನ ಕೆರೆಗೆ ಮೊಣಕಾಲುದ್ದ ಇಳಿದು ಅಂತರಗಂಗೆ ತಂದಳು. ಮಂಜಯ್ಯನ ನಲ್ಲಿಯ ನೀರಿನಿಂದ ತೊಟ್ಟಿ ತುಂಬಿಸಿ, ಗಿಡ ತೇಲಿಬಿಟ್ಟು, ತಲೆ ಬಾಚಿಕೊಂಡು ನವ್ಯಾಳ ಕಾಲ್‌ಗೆ ಕಾದು ಕುಳಿತಳು.

"ಎಲೆ ಇಷ್ಟ್ ದೊಡ್ದಾ? ಇದ್ ಎಲ್ಲಿದ್ ಚಿಕ್ಕಿ?"

ಸುಳ್ಳು ಬಾಯಿಗೆ ಬರಲಿಲ್ಲ. "ತಲ್ಲೂರ್ ಕೆರೀದ್. ನಿನ್ದ್ ನಾನೇ ಉಪ್ಪ್ ನೀರ್ ಹಾಕಿ ಸಾಯ್ಸ್ದೆ."

ನವ್ಯಾ ನಕ್ಕಳು. "ಅದ್ಕೆ ಕೆರೆಗಿಳ್ದ್ಯಾ? ಇಲ್ ಇವ್ರ್ ದೊಡ್ಡ ತೊಟ್ಟಿ ತಂದೀರ್. ಆ ಹಳೇದ್ನ ಯಾರಿಗಾರೂ ಕೊಡ್, ನಿಂಗ್ ಸುಮ್ನೆ ಕೆಲ್ಸ."

"ಹ್ಞೂಂ."

"ಇಡ್ತೆ, ಅತ್ತೆ ಕರೀತ್ರ್."

ಪರದೆ ಕಪ್ಪಾಯಿತು. ಜಲಜ ಫೋನನ್ನು ತೊಟ್ಟಿಯ ಕಡೆಗೇ ಹಿಡಿದುಕೊಂಡಿದ್ದಳು. ಕೆರೆಯ ಬೇರಿಗಂಟಿ ಬಂದಿದ್ದ ಪುಟ್ಟ ಬಸವನಹುಳವೊಂದು ಗಾಜನ್ನು ಏರುತ್ತಿತ್ತು. ಮಾತಿನ ಕೊನೆಗೆ ತೋರಿಸಬೇಕೆಂದು ಅದನ್ನು ಉಳಿಸಿಕೊಂಡಿದ್ದಳು.

"ಕಾಣ್," ಎಂದಳು ಮೆಲ್ಲಗೆ. ಹುಳ ನೀರಿನ ಅಂಚಿಗೆ ಬಂದು, ಕೊಂಬು ಚಾಚಿ, ಅಲ್ಲೇ ನಿಂತಿತು.