ಲಿಫ್ಟಣ್ಣ ಇಳಿಸಿದ ಇಪ್ಪತ್ಮೂರು ಜನ

ಕಮಾಂಡೊ ಪಡೆಯಲ್ಲಿ ಅವನನ್ನು ಎಲ್ಲರೂ ಲಿಫ್ಟಣ್ಣ ಎಂದೇ ಕರೆಯುತ್ತಿದ್ದರು. ಯುದ್ಧ ಶುರುವಾಗುವ ತನಕ ಹದಿನಾಲ್ಕು ವರ್ಷ ಲಿಫ್ಟ್ ರಿಪೇರಿ ಮಾಡಿಕೊಂಡಿದ್ದವನು. ಆಳು ಕುಳ್ಳ, ಸೊಂಟದ ಸುತ್ತ ಒಂದಿಷ್ಟು ಬೊಜ್ಜು, ಓಟದಲ್ಲಿ ಯಾವಾಗಲೂ ಕಟ್ಟಕಡೆ. ಅಂಥವನು ತರಬೇತಿಯಲ್ಲಿ ಪಾಸಾದದ್ದು ಹೇಗೆಂದು ಕೇಳಿದರೆ, ಬೇರೆಯವರೆಲ್ಲ ಬಿಟ್ಟು ಹೋದರು, ನನಗೆ ಬಿಟ್ಟು ಹೋಗುವುದಕ್ಕೂ ಓಡಬೇಕಿತ್ತು, ಅದಕ್ಕೇ ಉಳಿದೆ ಅನ್ನುತ್ತಿದ್ದ.

ಯುದ್ಧದ ಮೂರನೇ ವರ್ಷ ಶತ್ರು ಸೇನೆ ತಾನು ಹಿಡಿದಿದ್ದ ಒಂದು ನಗರದಿಂದ ಗಂಟುಮೂಟೆ ಕಟ್ಟುವ ಹಂತಕ್ಕೆ ಬಂತು. ಹೋಗುವ ಮುನ್ನ ಟೆಲಿಫೋನ್ ಎಕ್ಸ್‌ಚೇಂಜ್ ಕಟ್ಟಡವನ್ನು ಸಂಜೆ ಆರಕ್ಕೆ ಉಡಾಯಿಸುತ್ತಾರೆಂಬ ಸುದ್ದಿ ಸಿಕ್ಕಿತು. ಎಂಟನೇ ಮಹಡಿಯಲ್ಲಿ ಇಪ್ಪತ್ಮೂರು ಜನ ನೌಕರರನ್ನು ಕೂಡಿಹಾಕಿದ್ದರು. ಕ್ಯಾಪ್ಟನ್ ಎಂಟು ಜನರನ್ನು ಕರೆದುಕೊಂಡು, ಬೀದಿಯ ಕೆಳಗೆ ಹಾಯ್ದ ಕೇಬಲ್ ಸುರಂಗದಲ್ಲಿ ತೆವಳಿ, ಮಧ್ಯಾಹ್ನ ಮೂರರ ಹೊತ್ತಿಗೆ ಕಟ್ಟಡದ ನೆಲಮಾಳಿಗೆ ಸೇರಿದ.

ಅಲ್ಲಿ ಸ್ಫೋಟಕದ ಪೆಟ್ಟಿಗೆಗಳನ್ನು ಗೋಡೆಯುದ್ದಕ್ಕೂ ಪೇರಿಸಿದ್ದರು. ಮೆಟ್ಟಿಲ ಮೇಲೆ ಹೆಜ್ಜೆಗೊಂದು ತಂತಿ, ಕಾಲು ತಾಗಿದರೆ ಸಿಡಿಯುವಂಥದ್ದು. ಬಾಂಬ್ ತಜ್ಞ ಬಗ್ಗಿ ನೋಡಿ, ಬಿಡಿಸಬಹುದು, ಆದರೆ ಎರಡು ಗಂಟೆ ಬೇಕು, ಮೇಲೆ ಜನ ಇರುವಾಗ ಕೈ ಹಾಕುವ ಧೈರ್ಯ ತನಗಿಲ್ಲ ಎಂದ. ಕ್ಯಾಪ್ಟನ್ನನ ಮುಖ ಕಪ್ಪಿಟ್ಟಿತು.

ಲಿಫ್ಟಣ್ಣ ಆಗಲೇ ಲಿಫ್ಟಿನ ಕಬ್ಬಿಣದ ಬಾಗಿಲು ಸರಿಸಿ ಒಳಗೆ ತಲೆ ತೂರಿಸಿದ್ದ.

"ಸಾರ್, ಲಿಫ್ಟಲ್ಲಿ ಇಳಿಸೋಣ."

"ಕರೆಂಟೇ ಇಲ್ವಲ್ಲಯ್ಯ."

"ಕರೆಂಟ್ ಯಾಕೆ ಸಾರ್? ಹಗ್ಗದ ಇನ್ನೊಂದು ತುದಿಗೆ ಎದುರು ತೂಕ ನೇತಾಡ್ತಿದೆ. ಖಾಲಿ ಲಿಫ್ಟ್ ಪೆಟ್ಟಿಗೆಗಿಂತ ಅದು ಭಾರ. ಮೇಲೆ ಹೋಗಿ ಬ್ರೇಕ್ ಬಿಟ್ರೆ ಪೆಟ್ಟಿಗೆ ತಾನೇ ಏರತ್ತೆ. ಏಳು ಜನ ಹತ್ತಿದ್ರೆ ತಾನೇ ಇಳಿಯತ್ತೆ."

ಕ್ಯಾಪ್ಟನ್ ಆಗಲಿ ಎಂದು ತಲೆಯಾಡಿಸಿದ.

ಲಿಫ್ಟಣ್ಣನ ಜತೆಗೆ ಹೊರಟವನು ಪಡೆಯಲ್ಲೇ ಉದ್ದದ ಆಳು, ಏಣಿ ಎಂದು ಹೆಸರು. ಇಬ್ಬರೂ ಲಿಫ್ಟಿನ ಚಾವಣಿಯಿಂದ ನುಸುಳಿ, ಲಿಫ್ಟ್ ಜಾರುವ ಹಳಿಗಳನ್ನು ಗೋಡೆಗೆ ಬಿಗಿದ ಕಬ್ಬಿಣದ ತುಂಡುಗಳ ಮೇಲೆ ಕಾಲಿಟ್ಟು ಹತ್ತತೊಡಗಿದರು. ಐದನೇ ಮಹಡಿ ದಾಟುವಷ್ಟರಲ್ಲಿ ಏಣಿ ಹಿಂದೆ ಬಿದ್ದ. ಲಿಫ್ಟಣ್ಣನಿಗೆ ಮಾತ್ರ ಗ್ರೀಸಿನ ವಾಸನೆ ಮೂಗಿಗೆ ಬಡಿದದ್ದೇ ತಡ, ತವರಿಗೆ ಬಂದ ಹಾಗಾಗಿತ್ತು. ನೆಲದ ಮೇಲೆ ಎಲ್ಲರಿಗಿಂತ ಹಿಂದಿದ್ದವನು ಇಲ್ಲಿ ಸರಸರನೆ ಮುಂದೆ.

ಎಂಟನೇ ಮಹಡಿಯ ಕಾವಲಿಗೆ ಒಬ್ಬನೇ ಇದ್ದ, ಕುರ್ಚಿಯಲ್ಲಿ ತೂಕಡಿಸುತ್ತಿದ್ದ. ಏಣಿ ಅವನ ಬಾಯಿ ಮುಚ್ಚಿ ಕೈಕಾಲು ಕಟ್ಟುವುದಕ್ಕೆ ಅರ್ಧ ನಿಮಿಷವೂ ಬೇಕಾಗಲಿಲ್ಲ. ಬೀಗ ತೆಗೆದರೆ, ಒಳಗೆ ಇಪ್ಪತ್ಮೂರು ಜೋಡಿ ಕಣ್ಣು. ಮುಂದೆ ಬಂದು ನಿಂತವಳು ತಲೆ ನರೆತ ಹಿರಿಯ ಆಪರೇಟರಮ್ಮ. ನೀವು ಯಾರು, ಏನು ಎಂದು ಅವಳು ಕೇಳಲಿಲ್ಲ. ಯಾರು ಮೊದಲು ಇಳಿಯಬೇಕು ಎಂದಷ್ಟೇ ಕೇಳಿದಳು.

ಲಿಫ್ಟಣ್ಣ ಕಟ್ಟಡದ ಚಾವಣಿಯ ಮೇಲಿನ ಲಿಫ್ಟ್ ಯಂತ್ರದ ಕೋಣೆಗೆ ಹೋಗಿ ಬ್ರೇಕಿನ ಹಿಡಿಕೆಗೆ ಜೋತುಬಿದ್ದ. ಪೆಟ್ಟಿಗೆ ಎಲ್ಲಿದೆಯೆಂದು ತಿಳಿಯಲು ಲಿಫ್ಟಿನ ಉಕ್ಕಿನ ಹಗ್ಗದ ಮೇಲೆ ಮಹಡಿಗೊಂದರಂತೆ ಹಳದಿ ಗೆರೆ ಇತ್ತು. ಸ್ವಲ್ಪ ಬಿಟ್ಟು, ಸ್ವಲ್ಪ ಹಿಡಿದು, ಖಾಲಿ ಪೆಟ್ಟಿಗೆಯನ್ನು ಸದ್ದಿಲ್ಲದೆ ಮೇಲಕ್ಕೆ ತಂದ. ಒಂಬತ್ತು ಜನ ಇಳಿದರು. ಮತ್ತೆ ಒಂಬತ್ತು. ಅಂಗೈ ಚರ್ಮ ಸುಲಿದು ಹಿಡಿಕೆ ಜಾರತೊಡಗಿದಾಗ ಅಂಗಿ ಬಿಚ್ಚಿ ಕೈಗೆ ಸುತ್ತಿಕೊಂಡ.

ಮೂರನೇ ಸಲ ಇಳಿಸಲು ಬ್ರೇಕ್ ಬಿಟ್ಟರೆ ಪೆಟ್ಟಿಗೆ ಅಲ್ಲಾಡಲಿಲ್ಲ. ಕೊನೆಗೆ ಉಳಿದವರು ಐದೇ ಜನ, ಎಲ್ಲರೂ ತೆಳ್ಳಗಿನ ಹೆಂಗಸರು.

"ತೂಕ ಸಾಲದು, ಇನ್ನೂ ಏನಾದ್ರೂ ಹಾಕಿ," ಎಂದು ಅವನು ಹಗ್ಗ ಇಳಿಯುವ ಕಿಂಡಿಯಲ್ಲಿ ಬಗ್ಗಿ ಹೇಳಿದ.

ಏಣಿ ಕಟ್ಟಿಹಾಕಿದ್ದ ಕಾವಲುಗಾರನನ್ನು ಮೂಟೆಯಂತೆ ಒಳಗೆ ಉರುಳಿಸಿ ತಾನೂ ಹತ್ತಿದ. ಆದರೂ ಪೆಟ್ಟಿಗೆ ಜಗ್ಗಲಿಲ್ಲ. ಆಪರೇಟರಮ್ಮ ಹೊರಗೆ ಬಂದು ಕಪಾಟು ತೆರೆದಳು. ಟೆಲಿಫೋನ್ ಡೈರೆಕ್ಟರಿಗಳು, ಒಂದೊಂದೂ ಇಟ್ಟಿಗೆಗಿಂತ ದಪ್ಪ. ಕೈಯಿಂದ ಕೈಗೆ ದಾಟಿಸಿ ಮೊಣಕಾಲೆತ್ತರಕ್ಕೆ ಪೇರಿಸಿ ಅವಳು ಕೊನೆಯದನ್ನು ಎದೆಗವಚಿಕೊಂಡು ಹತ್ತಿದಾಗ ಪೆಟ್ಟಿಗೆ ಮೆಲ್ಲಗೆ ಜರುಗಿತು. ಊರಿನವರೆಲ್ಲರ ಹೆಸರೂ ಸೇರಿ ಅವರನ್ನು ಇಳಿಸಿತು.

ಲಿಫ್ಟಣ್ಣ ಬಂದ ದಾರಿಯಲ್ಲೇ ಇಳಿದ. ಕೆಳಗೆ ಯಾರೂ ಚಪ್ಪಾಳೆ ತಟ್ಟುವಂತಿರಲಿಲ್ಲ; ಕ್ಯಾಪ್ಟನ್ ಸುಲಿದ ಆ ಅಂಗೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಜನ ಸುರಂಗ ದಾಟಿದರು, ಬಾಂಬ್ ತಜ್ಞ ತಂತಿಗೆ ಕೈ ಹಾಕಿದ. ಆರಕ್ಕೆ ಹತ್ತು ನಿಮಿಷ ಇರುವಾಗ ಕೊನೆಯ ತಂತಿ ತುಂಡಾಯಿತು. ಆರಕ್ಕೆ ಸರಿಯಾಗಿ ಬೀದಿಯಾಚೆ ಶತ್ರುಗಳು ಸ್ವಿಚ್ ಒತ್ತಿದರು. ಒತ್ತುತ್ತಲೇ ಇದ್ದರು. ಕಟ್ಟಡದ ಒಂದು ಕಿಟಕಿಯ ಗಾಜೂ ಅಲುಗಲಿಲ್ಲ.

ಮರುದಿನ ನಗರ ಕೈಗೆ ಬಂತು. ಮೂರನೇ ದಿನ ದೂರದ ಲೈನುಗಳು ಜೀವ ತಳೆದವು. ಆಪರೇಟರಮ್ಮ ಲಿಫ್ಟಣ್ಣನನ್ನು ಕರೆಸಿ ತನ್ನ ಪಕ್ಕದ ಸ್ಟೂಲಿನಲ್ಲಿ ಕೂರಿಸಿ, ಮೊದಲ ಕರೆ ಅವನದೇ ಎಂದಳು. ಹೆಂಡತಿ ದುಡಿಯುತ್ತಿದ್ದ ಬಟ್ಟೆ ಗಿರಣಿಯ ಆಫೀಸಿನ ನಂಬರು ಅವನಿಗೆ ಬಾಯಿಪಾಠವಾಗಿತ್ತು. ಮಗ್ಗದಿಂದ ಓಡಿಬಂದವಳ ಏದುಸಿರು ಕೇಳಿದ್ದೇ ತಡ, ಅವನು ರಿಸೀವರನ್ನು ಕಿವಿಗೆ ಒತ್ತಿಕೊಂಡ.

"ಯಾರು? ನೀವಾ?" ಎಂದಳು ಅವಳು.

"ನಾನೇ ಕಣೇ," ಎಂದ. "ಚೆನ್ನಾಗಿದೀನಿ. ಗೆದ್ವಿ."

ದೂರದ ಕರೆಗೆ ಮೂರು ನಿಮಿಷವೆಂದು ನಿಯಮ. ಆಪರೇಟರಮ್ಮ ಗಡಿಯಾರಕ್ಕೆ ಬೆನ್ನು ತಿರುಗಿಸಿ ಕೂತಳು.